ಉಜ್ವಲಾ ವೈನಿಯ ಅರ್ಧ ಮಾತ್ರೆ

ಮೂರು ಸಲ ಒಟ್ಟಿಗೆ ಹೊಡೆಯುವ ಚಪ್ಪಾಳೆ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಮಂಗಳವಾರ ಪೇಟೆಯ ಗಲ್ಲಿಯಲ್ಲಿ, ನನ್ನ ತಲೆಯ ಮೇಲಿನ ಮಾಳಿಗೆಯಲ್ಲಿ, ಐದು ವರ್ಷ ಬೆಳಗಿನ ಆರು ಗಂಟೆಗೆ ಆ ಚಪ್ಪಾಳೆ ಬೀಳುತ್ತಿತ್ತು. ಒಬ್ಬಳು ಎದ್ದು ನಿಂತು ತೂಕ ಎಷ್ಟು ಇಳಿಯಿತು, ಯಾವ ಮಾತ್ರೆ ಬಿಟ್ಟೆ ಎಂದು ಹೇಳಬೇಕು. ಉಳಿದವರು ಚಟ್, ಚಟ್, ಚಟ್ ಎಂದು ಮೂರು ಹೊಡೆಯಬೇಕು. ಆಮೇಲೆ ಎಲ್ಲರಿಗೂ ಒಂದೊಂದು ಲೋಟ ಗುಲಾಬಿ ಬಣ್ಣದ ಶೇಕ್. ಇದಕ್ಕೆ ಅವರು ಕ್ಲಬ್ಬು ಎನ್ನುತ್ತಿದ್ದರು, ನಡೆಸುವವಳಿಗೆ ವೆಲ್‌ನೆಸ್ ಕೋಚ್ ಎನ್ನುತ್ತಿದ್ದರು. ಆ ಕೋಚ್ ನನ್ನ ಮಾಳಿಗೆಯಲ್ಲಿ ಬಾಡಿಗೆಗಿದ್ದ ಉಜ್ವಲಾ ಮಗದೂಮ್. ಗಲ್ಲಿಯ ಹೆಂಗಸರ ಬಾಯಲ್ಲಿ ಉಜ್ವಲಾ ವೈನಿ, ಅಂದರೆ ಅತ್ತಿಗೆ.

ನಾನು ಹುಟ್ಟಿದ್ದು ಸಂಕೇಶ್ವರದಲ್ಲಿ. ಕೊಲ್ಹಾಪುರದ ಸೊಸೆಯಾಗಿ ಮೂವತ್ತನಾಲ್ಕು ವರ್ಷವಾಯಿತು. ಅದರಲ್ಲಿ ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಜನರ ಗಾಯ ತೊಳೆದಿದ್ದೇನೆ. ಹೆಸರು ಕಸ್ತೂರಿ, ಆದರೆ ಗಲ್ಲಿಗೆಲ್ಲ ನಾನು ಸಿಸ್ಟರ್. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವ ಅಭ್ಯಾಸವಿಲ್ಲ. ಉಜ್ವಲಾಳ ಕಥೆ ಹೇಳಲು ಕೂತರೆ ಆ ಸಿಟ್ಟು ಅವಳ ಮೇಲೂ ಹೋಗುತ್ತದೆ, ಚೌಗುಲೆ ಸರ್ ಎಂಬ ಮನುಷ್ಯನ ಮೇಲೂ ಹೋಗುತ್ತದೆ, ಕೊನೆಗೆ ನನ್ನ ಮೇಲೇ ಬಂದು ಬೀಳುತ್ತದೆ.

ಉಜ್ವಲಾ ಇಚಲಕರಂಜಿಯ ಮಗ್ಗದವರ ಮಗಳು. ಇಪ್ಪತ್ತಕ್ಕೆ ಮದುವೆ. ಗಂಡ ದಿಗಂಬರ ಲೇತ್ ಮಷಿನ್ ನಡೆಸುತ್ತಾನೆ, ಮನೆಯಲ್ಲಿ ಬಾಯಿಲ್ಲ. ಬಾಯಿ ಇದ್ದದ್ದೆಲ್ಲ ಅತ್ತೆಗೆ. ಎಲ್ಲರದೂ ಊಟವಾದ ಮೇಲೆ, ಮಧ್ಯಾಹ್ನ ಮೂರೂವರೆಗೆ, ಬೆಳಗಿನ ಒಣಗಿದ ಭಕ್ರಿಯನ್ನು ನಿನ್ನೆಯ ರಸ್ಸಾದಲ್ಲಿ ಅದ್ದಿ ತಿನ್ನುತ್ತಿದ್ದಳು ಈ ಹುಡುಗಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನವೂ ಅವಳಿಗೇ. ಕೆಡಿಸಬಾರದಲ್ಲ! ಹೊಟ್ಟೆಯೊಳಗೆ ತುಂಬಿಕೊಂಡರೆ ಕೆಡುವುದಿಲ್ಲ ಎಂದು ಲೆಕ್ಕ. ಎರಡು ಹೆರಿಗೆಯಾಗುವ ಹೊತ್ತಿಗೆ ಎಂಬತ್ತಾರು ಕಿಲೋ ತೂಗಿದಳು. ನಾದಿನಿಯ ಮಗಳ ನಿಶ್ಚಿತಾರ್ಥದಲ್ಲಿ ಚಾಪೆಯ ಮೇಲೆ ಕೂರಲು ಹೋದರೆ ಅತ್ತೆ ಎಲ್ಲರೆದುರು, "ಏ, ಇಬ್ಬರು ಕುಂದರೂ ಅಷ್ಟ ಜಾಗಾ ಬಿಡ್ರಿ, ನಮ್ಮ ಉಜ್ವಲಾ ಬಂದ್ಳು," ಎಂದರಂತೆ. ಎಲ್ಲರೂ ನಕ್ಕರಂತೆ. ದಿಗಂಬರನೂ ನಕ್ಕನಂತೆ. ಅದನ್ನು ಹೇಳಿಕೊಂಡು ನನ್ನ ಮೆಟ್ಟಿಲ ಮೇಲೆ ಕೂತು ಅತ್ತಳು.

ಅವಳಿಗಾಗ ಮೂವತ್ತಾರು. ಅಳುವಾಗ ಒಂದು ಚೊಂಬು ನೀರು ಗಟಗಟ ಕುಡಿದಳು, ಐದು ನಿಮಿಷಕ್ಕೆ ಇನ್ನೊಂದು ಕೇಳಿದಳು. ನನಗೆ ಅನುಮಾನ ಬಂತು. ಮರುದಿನವೇ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಸಕ್ಕರೆ ಕಾಯಿಲೆ. ಅದೂ ಹೊಸದಲ್ಲ, ಯಾವಾಗಿನಿಂದ ಒಳಗೆ ಕೂತಿತ್ತೋ.

"ನಾಳೆಯಿಂದ ಐದಕ್ಕ ಏಳಬೇಕ," ಎಂದೆ. "ನನ್ನ ಸಂಗಡ ರಂಕಾಳಾ ಸುತ್ತ ಹಾಕಬೇಕ. ಮತ್ತ ಹೊತ್ತಿಗಿ ಸರಿಯಾಗಿ ಉಣ್ಣಬೇಕ. ಅತ್ತಿ ಉಂಡ್ರೂ ಬಿಟ್ರೂ ನೀ ಒಂದಕ್ಕ ತಾಟ ಹಾಕ್ಕೊಂಡ ಕುಂದರಬೇಕ."

"ಅಯ್ಯ ಸಿಸ್ಟರ್, ಅತ್ತಿಗಿಂತ ಮೊದಲ? ಮನ್ಯಾಗ ರಾಮಾಯಣ ಆಗ್ತೈತಿ."

"ಆಗಲಿ. ರಾಮಾಯಣಾ ಕೇಳಕೋತ ಉಣ್ಣ."

ಉಂಡಳು. ಆ ಹುಡುಗಿಯಲ್ಲಿ ಅಂಥದೊಂದು ಹಟವಿತ್ತು. ಅತ್ತೆ ಮೊದಲ ವಾರ ಪಾತ್ರೆ ಎಸೆದರು, ಎರಡನೇ ವಾರ ಮಾತು ಬಿಟ್ಟರು, ಮೂರನೇ ವಾರ ತಾವೂ ಒಂದಕ್ಕೇ ಊಟಕ್ಕೆ ಕೂತರು. ರಂಕಾಳಾ ಕೆರೆ ಮೊದಲು ಅರ್ಧ ಸುತ್ತು, ಆಮೇಲೆ ಪೂರ್ತಿ, ಆಮೇಲೆ ನನ್ನನ್ನು ಹಿಂದೆ ಬಿಟ್ಟು ಎರಡು ಸುತ್ತು. ಕೆರೆಯ ದಂಡೆಯಲ್ಲೇ ಅವಳಿಗೆ ಚೌಗುಲೆ ಸರ್ ಗಂಟುಬಿದ್ದದ್ದು. ಬಿಳಿ ಬೂಟು, ಎದೆಯ ಮೇಲೆ 'ತೂಕ ಇಳಿಸಬೇಕೇ? ನನ್ನನ್ನು ಕೇಳಿ' ಎಂಬ ಬಿಲ್ಲೆ. ತೂಕ ಇಳಿಸುವ ಪುಡಿಯ ಯಾವುದೋ ಕಂಪನಿ, ಅದರ ಶೇಕ್ ಮಾರುವವರಿಗೆಲ್ಲ ಅವನು ಸರ್. ಬೆಳಗಿನ ನಾಷ್ಟಾಕ್ಕೆ ಒಂದು ಲೋಟ ಶೇಕ್ ಶುರುವಾಯಿತು. ಒಂದೂವರೆ ವರ್ಷದಲ್ಲಿ ಹತ್ತೊಂಬತ್ತು ಕಿಲೋ ಇಳಿದಳು. ಇಳಿಸಿದ್ದು ನಡಿಗೆ ಮತ್ತು ಹೊತ್ತಿಗೆ ಸರಿಯಾದ ಊಟ. ಹೆಸರು ಬಂದದ್ದು ಮಾತ್ರ ಡಬ್ಬಿಯ ಪುಡಿಗೆ.

ಡಾಕ್ಟರು ವರದಿ ನೋಡಿ ಬೆನ್ನು ತಟ್ಟಿದರು. ದಿನಕ್ಕೆ ಎರಡಿದ್ದ ಮಾತ್ರೆಯನ್ನು ಒಂದು ಮಾಡಿದರು, ಆರು ತಿಂಗಳ ನಂತರ ಒಂದನ್ನು ಅರ್ಧ ಮಾಡಿದರು. "ಅರ್ಧ ಬಿಡಬ್ಯಾಡವಾ, ಇದು ಹಿಂಗ ಇರಲಿ," ಎಂದು ನನ್ನೆದುರೇ ಹೇಳಿದರು. ಆ ಅರ್ಧ ಮಾತ್ರೆ ಅವಳು ದುಡಿದು ಗಳಿಸಿದ್ದು. ಪೇಢೆ ತಂದು ನನಗೆ ಕೊಟ್ಟಳು, ತಾನು ಒಂದು ಚೂರು ಮಾತ್ರ ನಾಲಿಗೆಗೆ ಹಚ್ಚಿಕೊಂಡಳು. ಅವತ್ತು ಅವಳ ಮುಖದಲ್ಲಿದ್ದ ಬೆಳಕು ನಾನು ಆಮೇಲೆ ಯಾವತ್ತೂ ನೋಡಲಿಲ್ಲ.

ಸಾಂಗಲಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಕಂಪನಿಯ ಜಾತ್ರೆ. ಎಂಟುನೂರು ಜನ, ಕಿವಿ ಕಿತ್ತುಹೋಗುವಂಥ ಹಾಡು. ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಒಬ್ಬೊಬ್ಬರೇ ವೇದಿಕೆಯ ಮೇಲೆ ಹೋಗಿ ತಮ್ಮ ಕಥೆ ಹೇಳಬೇಕು. ಅವಳ ಸರದಿಗೆ ಮುಂಚೆ ಚೌಗುಲೆ ಪರದೆಯ ಪಕ್ಕದಲ್ಲಿ ಕರೆದು ಪಾಠ ಹೇಳಿಕೊಟ್ಟ. ನಾನು ಅಲ್ಲೇ ಅವಳ ಪರ್ಸು ಹಿಡಿದು ನಿಂತಿದ್ದೆ.

"ಮಾತ್ರಿ ಬಿಟ್ಟೆ ಅಂತ ಹೇಳ್ರಿ," ಎಂದ.

"ಬಿಟ್ಟಿಲ್ಲಲ್ರಿ ಸರ್. ಅರ್ಧ ಆಗೇತಿ."

"ಅರ್ಧಕ್ಕ ಯಾರ ಚಪ್ಪಾಳಿ ಹೊಡೀತಾರ ವೈನಿ? ಇವತ್ತ ಅರ್ಧ ಆಗೇತಿ ಅಂದ್ರ ನಾಳೆ ಸೊನ್ನಿ ಆಗೂದ ಐತಿ. ನಾಳೆ ಆಗೂದನ್ನ ಇವತ್ತ ಹೇಳ್ರಿ, ಅಷ್ಟ. ಅದು ಸುಳ್ಳ ಹೆಂಗ ಆಗ್ತೈತಿ?"

ನೋಡಿ, ಎಷ್ಟು ಸಲೀಸು! ನಾನು ಅವಳ ಸೆರಗು ಜಗ್ಗಿದೆ. ಅವಳು ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿದಳು. ಎಂಟುನೂರು ಜನರೆದುರು ಮೈಕು ಹಿಡಿದು, "ಇವತ್ತ ನಾನು ಒಂದೂ ಮಾತ್ರಿ ತಗೊಳ್ಳೂದಿಲ್ಲ," ಎಂದಳು. ಛಾವಣಿ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಇಡೀ ಜನ್ಮದಲ್ಲಿ ಅವಳಿಗಾಗಿ ಯಾರೂ ಕೈ ತಟ್ಟಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಬೈದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಅಲ್ಲಿಂದ ಅವಳು ಕೋಚ್. ಮಾಳಿಗೆಯ ಹೊರಗೆ ಫ್ಲೆಕ್ಸ್ ಬಿತ್ತು: ಎಡಕ್ಕೆ ದಪ್ಪ ಉಜ್ವಲಾ, ಬಲಕ್ಕೆ ತೆಳ್ಳಗಿನ ಉಜ್ವಲಾ, ನಡುವೆ ದೊಡ್ಡ ಅಕ್ಷರದಲ್ಲಿ 'ಮಾತ್ರೆಯಿಂದ ಮುಕ್ತಿ'. ಗಲ್ಲಿಯ ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು. ಮೂವತ್ತೊಂದು ಜನ ಆದರು. ಇವಳು ಅವರನ್ನೆಲ್ಲ ಐದಕ್ಕೆ ಎಬ್ಬಿಸಿದಳು, ನಡೆಸಿದಳು, "ಮಂದಿ ಉಂಡ ಬಿಟ್ಟಿದ್ದ ತಿನ್ನಾಕ ನೀವು ನಾಯಿಗೋಳೇನ?" ಎಂದು ಬೈದು ಹೊತ್ತಿಗೆ ಊಟ ಮಾಡುವುದನ್ನು ಕಲಿಸಿದಳು. ಅದೆಲ್ಲ ಚಿನ್ನದಂಥ ಕೆಲಸ, ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಆ ಒಂದು ಸುಳ್ಳನ್ನೂ ಹೇಳುತ್ತಿದ್ದಳು.

ಒಂದು ದಿನ ಅವಳ ಅಡುಗೆಮನೆಯಲ್ಲಿ ಚಹಾಪುಡಿ ಹುಡುಕುತ್ತಾ ಶೇಕಿನ ಖಾಲಿ ಡಬ್ಬಿ ತೆರೆದೆ. ಒಳಗೆ ಮಾತ್ರೆಗಳು, ಜೊತೆಗೆ ಡಾಕ್ಟರ ಚೀಟಿ. ಅರ್ಧದ್ದಲ್ಲ. ಮತ್ತೆ ದಿನಕ್ಕೆ ಎರಡಕ್ಕೆ ಏರಿತ್ತು, ಜೊತೆಗೆ ಇನ್ನೊಂದು ಬಗೆಯದೂ ಸೇರಿತ್ತು. ಯಾಕೆ ಏರಬಾರದು? ದಿನವಿಡೀ ಕ್ಲಬ್ಬು, ಮೀಟಿಂಗು, ಫೋನು. ಮಂದಿಗೆ ಹೊತ್ತಿಗೆ ಉಣ್ಣಲು ಹೇಳುವವಳು ತಾನು ಮತ್ತೆ ಮೂರೂವರೆಗೆ ನಿಂತುಕೊಂಡು ತಿನ್ನುತ್ತಿದ್ದಳು.

"ಇದೇನವಾ?" ಎಂದೆ.

ಬಾಗಿಲು ಹಾಕಿ ಬಂದು ನನ್ನ ಎರಡೂ ಕೈ ಹಿಡಿದಳು. "ಸಿಸ್ಟರ್, ನಿಮ್ಮ ಕಾಲ ಬೀಳ್ತೀನಿ, ಯಾರಿಗೂ ಹೇಳಬ್ಯಾಡ್ರಿ. ಈ ಮನ್ಯಾಗ, ಈ ಗಲ್ಲ್ಯಾಗ ನಂಗ ಈಗ ಒಂದ ಹೆಸರೈತಿ. ಇದು ಹೋದ್ರ ನಾ ಮತ್ತ ಆ ದಪ್ಪನ್ನ ಉಜ್ವಲಾ ಆಗ್ತೀನಿ."

"ನಿನ್ನ ಮಾತ ಕೇಳಿ ಯಾರರೆ ಮಾತ್ರಿ ಬಿಟ್ರ?"

"ನಾ ಯಾರಿಗೂ ಬಿಡ್ರಿ ಅಂತ ಹೇಳಿಲ್ಲ. ನಂದಷ್ಟ ಹೇಳೀನಿ."

ಆ ಉತ್ತರಕ್ಕೆ ಅವತ್ತೇ ಕೆನ್ನೆಗೆ ಬಾರಿಸಬೇಕಿತ್ತು. ಇಪ್ಪತ್ತೆಂಟು ವರ್ಷ ಕೊಳೆತ ಕಾಲು ತೊಳೆದವಳು ನಾನು. ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಕೆಳಗೆ ಬಂದೆ. ಅವಳ ಮೇಲಿನ ಮಮತೆ ಅಂದುಕೊಂಡೆ, ಮೇಲೆ ಕೆಳಗಿನ ಮನೆಯ ಸಂಬಂಧ ಅಂದುಕೊಂಡೆ. ನೂರು ಹೆಸರು ಕೊಡಬಹುದು. ಅದು ಹೇಡಿತನ. ಆ ಡಬ್ಬಿ ನೋಡಿದ ಮೇಲೂ ಎರಡು ವರ್ಷ ಅವಳ ಸುಳ್ಳಿಗೆ ನಾನು ಕೆಳಗಿನ ಮನೆಯಲ್ಲಿ ಕಾವಲು ಕೂತೆ.

ಆಮೇಲೆ ಆ ನವರಾತ್ರಿ ಬಂತು.

ನಮ್ಮ ಊರಲ್ಲಿ ನವರಾತ್ರಿಯ ಒಂಬತ್ತು ದಿನ ಹೆಂಗಸರು ಕಾಲಿಗೆ ಚಪ್ಪಲಿ ಹಾಕುವುದಿಲ್ಲ. ಊರ ದೇವಿ ಅಂಬಾಬಾಯಿಗೆ ಹರಕೆ. ಬ್ಯಾಂಕಿನ ಮೇಡಂ ಇರಲಿ, ತರಕಾರಿ ಮಾರುವವಳಿರಲಿ, ದಿನಕ್ಕೊಂದು ಬಣ್ಣದ ಸೀರೆ ಉಟ್ಟು ಬರಿಗಾಲಲ್ಲಿ ಓಡಾಡುತ್ತಾರೆ. ಚೌಗುಲೆ ಅದಕ್ಕೂ ತನ್ನ ಬುದ್ಧಿ ಸೇರಿಸಿದ. ಒಂಬತ್ತು ದಿನ ಬರೀ ಶೇಕಿನ ಉಪವಾಸ, ದಿನವೂ ಬೆಳಿಗ್ಗೆ ಕ್ಲಬ್ಬಿನಿಂದ ಗುಡಿಯವರೆಗೆ ಬರಿಗಾಲ ನಡಿಗೆ, ಮುಂದೆ ಬ್ಯಾನರು ಹಿಡಿದು ಕೋಚ್.

ಮೊದಲ ದಿನ ಬೆಳಿಗ್ಗೆ ಮೆಟ್ಟಿಲ ಬಳಿ ಅಡ್ಡಗಟ್ಟಿದೆ. ಎರಡು ತಿಂಗಳ ಹಿಂದೆ ಅವಳೇ ಬಾಯಿಬಿಟ್ಟಿದ್ದಳು, ಅಂಗಾಲು ಹತ್ತಿಯ ಮೇಲೆ ಇಟ್ಟ ಹಾಗೆ ಅನ್ನಿಸುತ್ತದೆ ಎಂದು.

"ನಿಂಗ ಕಾಲಾಗ ಖಬರ ಇಲ್ಲ. ಕಲ್ಲ ಚುಚ್ಚಿದ್ರೂ ಗೊತ್ತಾಗೂದಿಲ್ಲ. ಚಪ್ಪಲಿ ಹಾಕ್ಕೊ," ಎಂದೆ.

"ಮೂವತ್ತೊಂದ ಮಂದಿ ಬರಿಗಾಲ ನಿಂತಾರ ಸಿಸ್ಟರ್. ನಾ ಒಬ್ಬಾಕಿ ಚಪ್ಪಲಿ ಹಾಕ್ಕೊಂಡ ಬ್ಯಾನರ ಹಿಡೀಲೇನ? ಯಾಕಂತ ಕೇಳಿದ್ರ ಏನ ಹೇಳಲಿ?"

"ಸಕ್ಕರಿ ಐತಿ ಅಂತ ಹೇಳ."

"ಹೇಳಾಕ ಬರೂ ಹಂಗಿದ್ರ ಈ ಹಣೆಬಾರ ಯಾಕ ಇರ್ತಿತ್ತ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಇಳಿದು ಹೋದಳು.

ಏಳನೇ ದಿನ. ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಮೆಟ್ಟಿಲ ಮೇಲೆ ಕೆಂಪು ಕಲೆ. ಒಂದು ಬಿಟ್ಟು ಒಂದು ಮೆಟ್ಟಿಲಿಗೆ, ಮೇಲಿನವರೆಗೂ. ಪೊರಕೆ ಬಿಸಾಕಿ ಹತ್ತಿದೆ. ಹಸಿರು ಸೀರೆ ಉಟ್ಟ ಹೆಂಗಸರು ಸಾಲಾಗಿ ಕೂತಿದ್ದಾರೆ, ಇವಳು ನಗುತ್ತಾ ಶೇಕ್ ಹಂಚುತ್ತಿದ್ದಾಳೆ. ನಡೆದಲ್ಲೆಲ್ಲ ಫರಶಿಯ ಮೇಲೆ ರಕ್ತದ ಹೆಜ್ಜೆ. ಅವಳಿಗೆ ಗೊತ್ತೇ ಇಲ್ಲ! ಯಾರೋ ಒಬ್ಬಳು, "ವೈನಿ, ಕುಂಕುಮ ತುಳದೀರೇನ?" ಎಂದು ಕೇಳಿದಳು. ನಾನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಕಾಲು ಎತ್ತಿ ನೋಡಿದೆ. ಕಿರುಬೆರಳ ಬುಡದಲ್ಲಿ ಒಡೆದ ಗಾಜಿನ ಬಳೆಯ ಚೂರು, ಒಂದು ಇಂಚು, ಒಳಗೆ ಹೊಕ್ಕು ಕೂತಿದೆ. ಹೊಕ್ಕು ಎರಡು ದಿನವಾದರೂ ಆಗಿತ್ತು. ಸುತ್ತಲೂ ಮಾಂಸ ಕಪ್ಪಾಗಿತ್ತು. ವಾಸನೆಯಿಂದಲೇ ನನಗೆ ತಿಳಿಯಿತು.

ಆಸ್ಪತ್ರೆಯಲ್ಲಿ ಸಕ್ಕರೆ ನಾನೂರ ಹನ್ನೆರಡು. ಕಿರುಬೆರಳು ತೆಗೆದರು. ಪಕ್ಕದ್ದನ್ನೂ ತೆಗೆದರು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಹನ್ನೊಂದು ದಿನ ಕಾದೆವು. ನನ್ನದೇ ವಾರ್ಡು, ಡ್ರೆಸ್ಸಿಂಗ್ ನಾನೇ ಮಾಡಿದೆ, ಹೊಸ ಹುಡುಗಿಯರನ್ನು ಹತ್ತಿರ ಬಿಡಲಿಲ್ಲ. ಮಾಡುತ್ತಾ ಬೈದೆ, ಬೈಯುತ್ತಾ ಮಾಡಿದೆ. ಅವಳು ಗೋಡೆ ನೋಡುತ್ತಿದ್ದಳು. ದಿಗಂಬರ ಮಂಚದ ಕಾಲಬಳಿ ನಿಂತು ಅತ್ತ, ಅಷ್ಟೇ ಅವನಿಂದ ಆದದ್ದು.

ಐದನೇ ದಿನ ಚೌಗುಲೆ ಹಣ್ಣಿನ ಬುಟ್ಟಿ ಹಿಡಿದು ಬಂದ. ಸಕ್ಕರೆ ನಾನೂರು ದಾಟಿದವಳಿಗೆ ಚಿಕ್ಕು, ದ್ರಾಕ್ಷಿ!

"ವೈನಿ, ಕಾಳಜಿ ಮಾಡಬ್ಯಾಡ್ರಿ," ಎಂದ. "ಗಾಡಿ ಮ್ಯಾಲಿಂದ ಬಿದ್ದ ಕಾಲಿಗಿ ಪೆಟ್ಟಾತು ಅಂತ ಎಲ್ಲಾರಿಗೂ ಹೇಳೀನಿ. ಕ್ಲಬ್ಬ ನಾ ಸಂಭಾಳಸ್ತೀನಿ. ನೀವು ಬರೂ ದಿನ ದೊಡ್ಡ ಸ್ವಾಗತಾ ಮಾಡೂಣು. ಎರಡ ಬೆರಳ ಹೋದ್ರೂ ಧೈರ್ಯ ಬಿಡಲಿಲ್ಲ ಅಂತ ಹೊಸಾ ಕಥಿ ಆಗ್ತೈತಿ."

ನನ್ನ ಕೈಯಲ್ಲಿ ಗಾಯ ಒರೆಸಿದ ಹತ್ತಿಯ ತಟ್ಟೆ ಇತ್ತು. ಅದನ್ನು ಅವನ ಮೂಗಿನ ಕೆಳಗೆ ಹಿಡಿದೆ. "ಇದರ ವಾಸನಿ ತಗೋ ಭಾಡ್ಯಾ. ಇದ ನಿನ್ನ ಹೊಸಾ ಕಥಿ. ತಗೊಂಡ ಹೋಗಿ ಎಂಟನೂರ ಮಂದಿಗಿ ತೋರಸ."

ಅವನು ಬುಟ್ಟಿ ಅಲ್ಲೇ ಬಿಟ್ಟು ಹೊರಟ. ಉಜ್ವಲಾ ಕಾಲಿನ ಪಟ್ಟಿಯನ್ನೇ ನೋಡುತ್ತಾ ಕೂತಳು. ನನಗೆ ಅವನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಯಾಕೆಂದರೆ ಅವಳು ಆ ಗಾಡಿಯ ಕಥೆಯನ್ನು ತೂಗಿ ನೋಡುತ್ತಿದ್ದಾಳೆ ಎಂದು ಕಣ್ಣಲ್ಲೇ ಕಾಣಿಸುತ್ತಿತ್ತು.

ದೀಪಾವಳಿ ಕಳೆದ ಮೇಲೆ ಕೋಲು ಹಿಡಿದು ನಡೆಯತೊಡಗಿದಳು. ಕ್ಲಬ್ಬಿಗೆ ವಾಪಸು ಹೋಗುವ ಹಿಂದಿನ ದಿನ ಮಧ್ಯಾಹ್ನ ನಾನು ಮೇಲೆ ಹೋಗಿ ಎದುರಿಗೆ ಕೂತೆ.

"ನಾಳೆ ಖರೇ ಹೇಳ. ನೀ ಹೇಳಲಿಲ್ಲಂದ್ರ ನಾ ಹೇಳ್ತೀನಿ."

"ಈಗ ನೆನಪಾತೇನ ನಿಮಗ?" ಎಂದಳು. ಐದು ವಾರದಲ್ಲಿ ಮೊದಲ ಸಲ ಅವಳ ದನಿ ಏರಿತು. "ಎರಡ ವರ್ಷ ಡಬ್ಬಿ ನೋಡಿ ಸುಮ್ಮಕಿದ್ರಲ್ಲ! ನೀವು ನರ್ಸ! ನಾ ಹುಚ್ಚಿ, ಚಪ್ಪಾಳಿಗಿ ಸತ್ತಾಕಿ. ನೀವು ಯಾಕ ಸುಮ್ಮಕಿದ್ರಿ? ಅವತ್ತ ನನ್ನ ಕೂದಲ ಹಿಡದ ಕೆಳಗ ಎಳಕೊಂಡ ಹೋಗಿದ್ರ ನನ್ನ ಕಾಲ ಇವತ್ತ ಪೂರಾ ಇರ್ತಿತ್ತ!"

ಅವಳು ಕೋಲನ್ನು ನೆಲಕ್ಕೆ ಕುಟ್ಟಿ, "ನೀವು ಹೇಳಬ್ಯಾಡ್ರಿ. ನಂದು ನಾ ಹೇಳ್ತೀನಿ," ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಮಾಳಿಗೆ ತುಂಬಿತ್ತು. ಚೌಗುಲೆ ಚೆಂಡು ಹೂವಿನ ಹಾರ ಹಿಡಿದು ನಿಂತಿದ್ದ. ಅವಳು ಹಾರ ತಗೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತು ಕಾಲನ್ನು ಎದುರಿನ ಸ್ಟೂಲಿನ ಮೇಲಿಟ್ಟು ಪಟ್ಟಿ ಬಿಚ್ಚತೊಡಗಿದಳು. ಒಂದಿಬ್ಬರು ಕಣ್ಣು ಮುಚ್ಚಿಕೊಂಡರು.

"ನೋಡ್ರಿ," ಎಂದಳು. "ಗಾಡಿ ಮ್ಯಾಲಿಂದ ಬಿದ್ದಿಲ್ಲ ನಾ. ನಂಗ ಸಕ್ಕರಿ ಐತಿ. ಮಾತ್ರಿ ನಾ ಯಾವತ್ತೂ ಬಿಟ್ಟಿಲ್ಲ, ಒಂದ ದಿನಾನೂ ಬಿಟ್ಟಿಲ್ಲ. ಅರ್ಧಕ್ಕ ಬಂದಿತ್ತ, ಅದನ್ನ ಬಿಟ್ಟೀನಿ ಅಂತ ಹೇಳಿದೆ. ಐದ ವರ್ಷ ದಿನಾ ಮುಂಜಾನಿ ನಿಮ್ಮ ಮುಂದ ಸುಳ್ಳ ಹೇಳೀನಿ."

ಮಾಳಿಗೆ ಸ್ತಬ್ಧವಾಯಿತು. ಆ ಮೌನದಲ್ಲಿ, ಹಿಂದಿನ ಸಾಲಿನಲ್ಲಿ ಹೋದ ವಾರವಷ್ಟೇ ಸೇರಿದ ಒಬ್ಬ ಹೊಸಬಳು, ಮಾತು ಮುಗಿಯಿತೆಂದು, ಚಟ್, ಚಟ್, ಚಟ್ ಎಂದು ಮೂರು ಹೊಡೆದಳು. ಪಕ್ಕದವಳು ಅವಳ ಕೈ ಹಿಡಿದು ಕೆಳಗಿಳಿಸಿದಳು.

ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು.

"ಅಲ್ಲ ಮೂಳಿ, ನನ್ನ ಮಗಳ ಮುಂದ ನಿನ್ನ ಫೋಟೋ ಇಟ್ಟ ಪೂಜಿ ಮಾಡೂದೊಂದ ಬಾಕಿ ಇತ್ತಲ್ಲ!"

"ನಮ್ಮ ಅತ್ತಿ ಬಿ.ಪಿ. ಮಾತ್ರಿ ಗಟಾರಕ್ಕ ಒಗದಾರ, ನಿನ್ನ ಮಾತ ಕೇಳಿ!"

"ದಿನಾ ಮುಂಜಾನಿ ನಿಂತ ಹೇಳತಿದ್ದೆಲ್ಲ, ಈಗ ಹೇಳ ನಿಂದು!"

ಚೌಗುಲೆ ಎರಡೂ ಕೈ ಎತ್ತಿ, "ಶಾಂತ ಆಗ್ರಿ, ವೈನಿಗಿ ಔಷಧದ ನಶಾ ಐತಿ, ಏನೇನರೆ ಮಾತಾಡಾಕತ್ತಾರ," ಎಂದ. ಯಾರೋ ಶೇಕಿನ ಲೋಟ ತೂರಿದರು. ಅವನ ಬಿಳಿ ಅಂಗಿಯ ಮೇಲೆ ಗುಲಾಬಿ ಬಣ್ಣ ಇಳಿಯಿತು. ಹಾರವನ್ನು ಅಲ್ಲೇ ಕುರ್ಚಿಯ ಮೇಲೆ ಇಟ್ಟು ಮೆಟ್ಟಿಲಿಳಿದವನು ಮತ್ತೆ ನಮ್ಮ ಗಲ್ಲಿಯಲ್ಲಿ ಕಾಣಿಸಿಕೊಳ್ಳಲಿಲ್ಲ.

ಉಜ್ವಲಾ ಎಲ್ಲ ಬೈಗುಳವನ್ನೂ ತಲೆ ಬಗ್ಗಿಸದೆ ಕೇಳಿದಳು. ಗಲಾಟೆ ಸ್ವಲ್ಪ ಇಳಿದಾಗ, "ಯಾರ್ಯಾರ ಮಾತ್ರಿ ಬಿಟ್ಟೀರಿ, ಕೈ ಎತ್ರಿ," ಎಂದಳು. ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಒಂದು, ಎರಡು. ಆಮೇಲೆ ಎಂಟು.

ಕಿಟಕಿಯ ಬಳಿ ಕೂತಿದ್ದ ಮಾಲನ್ ಕಾಕು ಕೈ ಎತ್ತಿರಲಿಲ್ಲ. ಗಲ್ಲಿಗೆಲ್ಲ ಚಿಕ್ಕಮ್ಮನಂಥ ಅರವತ್ತೆರಡರ ವಿಧವೆ. ನಲವತ್ತು ವರ್ಷದಿಂದ ಗಲ್ಲಿಯ ಹೆಂಗಸರಿಗೆಲ್ಲ ರವಿಕೆ ಹೊಲಿದು ಹೊಟ್ಟೆ ಹೊರೆದವಳು. ಕ್ಲಬ್ಬಿನಲ್ಲಿ ಅತಿ ಶಿಸ್ತಿನ ಸದಸ್ಯೆ, ಒಂದು ದಿನವೂ ತಪ್ಪಿಸಿದವಳಲ್ಲ. ಎದ್ದು, ಜನರ ನಡುವೆ ದಾರಿ ಮಾಡಿಕೊಂಡು, ಒಂದಿಬ್ಬರ ಕಾಲು ತುಳಿದು ಉಜ್ವಲಾಳ ಎದುರಿಗೆ ಬಂದಳು. ಬಂದವಳೇ ಕೆನ್ನೆಗೆ ಒಂದು ಬಾರಿಸಿದಳು.

"ಎಂಟ ತಿಂಗಳಾತ ನಾ ಸಕ್ಕರಿ ಮಾತ್ರಿ ಬಿಟ್ಟ," ಎಂದಳು ಕಾಕು. "ಮೂರ ವಾರದಿಂದ ನಂಗ ಈ ಎಡಗಣ್ಣ ಕಾಣಸೂದಿಲ್ಲ. ಕರೀ ಪರದೆ ಬಿದ್ದಂಗ ಆಗೇತಿ. ಸೂಜಿಗಿ ದಾರ ಏರಸಾಕ ಬರವಲ್ದ. ಯಾರಿಗೂ ಹೇಳಲಿಲ್ಲ ನಾ. ಹೇಳಿದ್ರ ಉಜ್ವಲಾನ ಕ್ಲಬ್ಬಿನ ಹೆಸರ ಕೆಡತೈತಿ ಅಂತ ಹೇಳಲಿಲ್ಲ! ನೀ ಆಸ್ಪತ್ರ್ಯಾಗ ಮಲಗಿದ್ದಿ, ನಿಂಗ ಅದೊಂದ ಚಿಂತಿ ಯಾಕಂತ ಹೇಳಲಿಲ್ಲ!"

ಉಜ್ವಲಾ ಪಟ್ಟಿ ಸುತ್ತಿಕೊಂಡು ಕೋಲಿಗೆ ಕೈ ಹಾಕಿದಳು.

ಅರ್ಧ ಗಂಟೆಯಲ್ಲಿ ನಾವು ಮೂವರೂ ರಿಕ್ಷಾದಲ್ಲಿದ್ದೆವು. ನಡುವೆ ಕಾಕು, ಆಚೆ ಈಚೆ ನಾವಿಬ್ಬರು. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣಿಗೆ ಹನಿ ಹಾಕಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ನೋಡಿ ದೀಪ ಆರಿಸಿ, "ಮಾತ್ರಿ ಯಾಕ ಬಿಟ್ರಿ ಅಜ್ಜಿ?" ಎಂದು ಕೇಳಿದರು.

ಕಾಕು ತುಟಿ ಬಿಗಿದುಕೊಂಡಳು. ಆ ಹೊತ್ತಿನಲ್ಲೂ ಹೆಸರು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ನಾನ ಬಿಡಿಸೀನ್ರಿ," ಎಂದಳು ಉಜ್ವಲಾ.

"ನೀವು ಯಾರು? ಡಾಕ್ಟರೇನ?"

"ಅಲ್ರಿ. ಕೋಚ್."

"ಈಕಿ ಮುಚ್ಚಿಟ್ಟಿದ್ದ ಗೊತ್ತಿದ್ದಾಕಿ ನಾನು," ಎಂದು ನಾನೂ ಹೇಳಿದೆ. "ನರ್ಸ ಇದ್ದೂ ಸುಮ್ಮಕಿದ್ದೆ. ಬರಕೋರಿ ಬೇಕಾದ್ರ."

ಡಾಕ್ಟರು ನಮ್ಮಿಬ್ಬರನ್ನೂ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬಲಗಣ್ಣಿಗೆ ಲೇಸರ್ ಹಾಕಿದರೆ ಉಳಿಯುತ್ತದೆ, ಎಡಗಣ್ಣಿನೊಳಗೆ ರಕ್ತ ಸೋರಿದೆ, ಪ್ರಯತ್ನ ಮಾಡೋಣ, ಭರವಸೆ ಕೊಡುವುದಿಲ್ಲ ಎಂದರು. ಅವತ್ತಿನಿಂದಲೇ ಬೆಳಿಗ್ಗೆ ಸಂಜೆ ಮಾತ್ರೆ ಬರೆದುಕೊಟ್ಟರು.

ಹೊರಗೆ ಬಂದಾಗ ಉಜ್ವಲಾ ಪಡಸಾಲೆಯ ನೆಲದ ಮೇಲೆ ಕುಸಿದು ಕೂತಳು. "ಕಾಕು, ನಾ ಎಲ್ಲಾ ಬಿಟ್ಟಬಿಡ್ತೀನಿ. ಇವತ್ತ ಕ್ಲಬ್ಬ ಬಂದ್. ಇನ್ನ ಮ್ಯಾಲ ನಿಮಗ ಮಾರಿ ತೋರಸೂದಿಲ್ಲ ನಾ," ಎಂದು ಅತ್ತಳು.

"ಅಷ್ಟ ಸುಲಭ ಬಿಡತೀನೇನ ನಿನ್ನ?" ಎಂದಳು ಕಾಕು. ಒಂದು ಕಣ್ಣಿನ ಮೇಲೆ ಬಿಳಿ ಪಟ್ಟಿ, ಇನ್ನೊಂದರಲ್ಲಿ ಬೆಂಕಿ. "ಕ್ಲಬ್ಬಿಗಿ ಬೆಂಕಿ ಹಚ್ಚ, ನಂಗೇನ. ಸಕ್ಕರಿ ಬಂದ ಹನ್ನೆರಡ ವರ್ಷ ಆತು, ಡಾಕ್ಟರ ಮಾತ ಕೇಳಿದಾಕಿ ಅಲ್ಲ ನಾ. ನನ್ನ ಮಗನ ಮಾತ ಕೇಳಿಲ್ಲ. ಈ ಜನ್ಮದಾಗ ನಾ ಕೇಳಿದ್ದ ನಿನ್ನ ಒಬ್ಬಾಕಿ ಮಾತ. ಬಿಡ ಅನ್ನೂವಾಗ ಕೇಳೀನಿ, ತಗೋ ಅನ್ನೂದೂ ನಿನ್ನ ಕಡಿಂದನ ಕೇಳತೀನಿ. ಮುಂಜಾನಿ ಬಾ, ಸಂಜಿಗಿ ಬಾ, ನಿನ್ನ ಕೈಯಾರೆ ಮಾತ್ರಿ ಕೊಡ. ನಾ ಸಾಯೂ ತನಕ."

ಇದಾಗಿ ಮೂರು ವರ್ಷ. ಎಡಗಣ್ಣು ಬರಲಿಲ್ಲ. ಕ್ಲಬ್ಬು ಅವತ್ತೇ ಮುಚ್ಚಿತು. ಉಜ್ವಲಾ ಈಗ ದಪ್ಪ ಅಡಿಯ ಬೂಟು ಹಾಕಿಕೊಂಡು ಐದಕ್ಕೆ ಏಳುತ್ತಾಳೆ, ತನ್ನ ಮಾತ್ರೆ ಎಲ್ಲರೆದುರು ನುಂಗುತ್ತಾಳೆ, ಒಂದಕ್ಕೆ ತಟ್ಟೆ ಹಾಕಿಕೊಂಡು ಕೂರುತ್ತಾಳೆ. ಕೈ ಎತ್ತಿದ್ದ ಎಂಟು ಜನರ ಮನೆಗೂ ನಾನು ಮತ್ತು ಅವಳು ತಿಂಗಳಿಗೊಮ್ಮೆ ಹೋಗಿ ಕಾಲು ನೋಡಿ ಬರುತ್ತೇವೆ. ಇಬ್ಬರು ಬಾಗಿಲು ತೆರೆಯುವುದಿಲ್ಲ. ಆದರೂ ಹೋಗುತ್ತೇವೆ.

ಕಾಕುವಿನ ಮನೆಗೆ ಅವಳು ದಿನಕ್ಕೆ ಎರಡು ಸಲ ಒಬ್ಬಳೇ ಹೋಗುತ್ತಾಳೆ. ಮಳೆ ಇರಲಿ, ಹಬ್ಬ ಇರಲಿ, ಮಗಳ ಮದುವೆಯ ದಿನವೂ ಅರಿಶಿನದ ಕೈಯಲ್ಲೇ ಹೋಗಿ ಬಂದಳು. ಕಾಕು ಅವಳೊಡನೆ ಇವತ್ತಿಗೂ ಮಾತಾಡುವುದಿಲ್ಲ. ಬಾಗಿಲು ತೆರೆಯುತ್ತಾಳೆ, ಅಂಗೈ ಚಾಚುತ್ತಾಳೆ, ಅವಳೆದುರೇ ಮಾತ್ರೆ ನುಂಗಿ ನೀರು ಕುಡಿಯುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ.